ದ್ವಾದಶಿಯ ವಿಮಾನ

“ಎರಡೂವರೆ ಸಾವಿರ ಕಿಲೋಮೀಟರ್ ಅದ, ಫೌಜದಾರರ! ನಡುವ ಅರ್ಧಾ ಹಿಂದೂಸ್ತಾನ ಬರ್ತದ. ಒಂದ ಜಿಗತಕ್ಕ ದಾಟಿ ಬರ್ಲಿಕ್ಕೆ ನಾ ಏನು ಹನುಮಂತದೇವರೇನು?”

ಪ್ರಾಣೇಶ ತನ್ನ ಮಾತಿಗೆ ತಾನೇ ನಕ್ಕ. ತೊಡೆಯ ಮೇಲಿದ್ದ ಭೂಪಟದಲ್ಲಿ ಅವನ ಬೆರಳು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟು, ಅಸ್ಸಾಮಿನ ತುತ್ತತುದಿಯ ದಿಬ್ರುಗಡದ ಮೋಹನಬಾರಿ ನಿಲ್ದಾಣಕ್ಕೆ ಹೋಗಿ ನಿಂತಿತ್ತು.

ಸವಣೂರು ಠಾಣೆಯ ಫೌಜದಾರ ಚೌಡಪ್ಪ ನಗಲಿಲ್ಲ. ಅವನ ಬಲಗಾಲು ಆಗಿನಿಂದ ಕುಣಿಯುತ್ತಲೇ ಇತ್ತು. ಒಂದು ಕಡೆ ನೆಟ್ಟಗೆ ಕೂತು ಗೊತ್ತಿಲ್ಲದ ಮನುಷ್ಯ ಅವನು.

ಅವನಿಗೆ ಕುರ್ಚಿ ಹಾಕಿದ್ದು ಹೊರಗಿನ ಕಟ್ಟೆಯ ಮೇಲೆ. “ಒಳಗ ಭಾಳ ಸೆಖಿ,” ಅಂದಿದ್ದ ಪ್ರಾಣೇಶ. ಹಾನಗಲ್ಲಿನ ಅವನ ಮನೆಯ ಹಂಚುಗಳಿಂದ ರಾತ್ರಿಯ ಮಳೆ ಇನ್ನೂ ತೊಟ್ಟಿಕ್ಕುತ್ತಿತ್ತು; ಸೆಖೆ ಎಲ್ಲಿಂದ ಬರಬೇಕು? ಖಾಕಿ ತೊಟ್ಟ ಮೇಲೂ ಚೌಡಪ್ಪ ಬಂದ ಕೂಡಲೇ ಸೆಖೆಯಾಗುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದವು. ಅವನು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬಿಟ್ಟಿದ್ದೇನೆ ಅಂತ ಹೇಳಿಕೊಳ್ಳುತ್ತಿದ್ದ, ಅಷ್ಟೇ.

ಪ್ರಾಣೇಶನ ದೊಡ್ಡಪ್ಪನ ಮಗ, ಸವಣೂರಿನ ವೀಳ್ಯದೆಲೆಯ ತೋಟಗಳ ಧಣಿ ರಾಘಣ್ಣನ ಹೆಣ ವರದಾ ಹೊಳೆಯ ಮಡುವಿನಲ್ಲಿ ಸಿಕ್ಕು ಎರಡು ವಾರವಾಗಿತ್ತು. ಅವನ ತೋಟ ಮಾಡುತ್ತಿದ್ದ ಮಾಳಪ್ಪ ಲಾಕಪ್ಪಿನಲ್ಲಿದ್ದ.

ನಾಳೆ ಮಾಳಪ್ಪನನ್ನು ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿಂದ ಅವನು ಧಾರವಾಡದ ಜೈಲಿಗೆ. ನಾಳೆಯೇ ಚೌಡಪ್ಪ ಹಿರೇಕೆರೂರು ಠಾಣೆಗೆ. ವರ್ಗದ ಹುಕುಂ ಕೈಸೇರಿತ್ತು. ಹೊಸದಾಗಿ ಬರುವ ಫೌಜದಾರನಿಗೆ ತಯಾರಿದ್ದ ಕೊಲೆಗಾರನೇ ಸಿಕ್ಕಿರುವಾಗ ಇನ್ನೊಬ್ಬನನ್ನು ಹುಡುಕುವ ಉಸಾಬರಿ ಯಾಕೆ? ಮಾಳಪ್ಪನಿಗೆ ಉಳಿದಿದ್ದು ಈ ಒಂದು ದಿನ.

ಮಾಳಪ್ಪ ಕೊಂದಿಲ್ಲ ಅನ್ನುವುದಕ್ಕೆ ಇದ್ದದ್ದು ಅವನ ಹೆಂಡತಿ ಮಂಜವ್ವನ ಮಾತೊಂದೇ. ದ್ವಾದಶಿ ದಿನ ಬೆಳಿಗ್ಗೆ ಪ್ರಾಣೇಶ ರಾಘಣ್ಣನ ಕಾರು ಹೊಡೆದುಕೊಂಡು ಹೊಳೆಯ ಕಡೆಗೆ ಹೋಗುವುದನ್ನು ಕಣ್ಣಾರೆ ಕಂಡೆ ಅನ್ನುತ್ತಿದ್ದಳು. ಆದರೆ ಪ್ರಾಣೇಶ ದಶಮಿಯ ದಿನವೇ ಅಸ್ಸಾಮಿಗೆ ಹಾರಿದ್ದ. ಅವನು ಹುಬ್ಬಳ್ಳಿಯ ಯಂತ್ರದ ಕಂಪನಿಯೊಂದರ ಎಂಜಿನಿಯರು. ಚಹಾದೆಲೆ ಒಣಗಿಸುವ ಯಂತ್ರ ಮಾರಲು ಆ ಕಡೆ ಹೋಗಿಬರುವುದು ಅವನಿಗೆ ಹೊಸದಲ್ಲ.

“ಮತ್ತೊಮ್ಮೆ ಹೇಳ್ರಿ,” ಅಂದ ಚೌಡಪ್ಪ. “ಸಾಂಬ್ರಾದಿಂದ ಮೋಹನಬಾರಿಗೆ ಹೆಂಗ ಹೋದ್ರಿ?”

“ಎಷ್ಟು ಸರ್ತಿ ಹೇಳ್ಲಿ? ದಶಮಿ ದಿನ ಸಾಂಬ್ರಾದಿಂದ ಮುಂಬಯಿಗೆ ಪಂಖದ ವಿಮಾನ, ಒಂದು ತಾಸಿನ ಮ್ಯಾಲ ಸ್ವಲ್ಪ ಆಗ್ತದ. ಮುಂಬಯಿಯಿಂದ ಕಲ್ಕತ್ತಾಕ್ಕ ದೊಡ್ಡ ವಿಮಾನ. ರಾತ್ರಿ ಅಲ್ಲೇ ವಸ್ತಿ. ಮರುದಿನ ಮತ್ತೊಂದು ವಿಮಾನ, ಮೋಹನಬಾರಿಗೆ. ನೆಟ್ಟಗ ಹಾರಿದ್ರ ಮೂರು ತಾಸಿನ ಹಾದಿ ಅದು. ನೆಟ್ಟಗ ಹಾರೂ ವಿಮಾನ ಎಲ್ಲ್ಯದ ನಮ್ಮ ದೇಶದಾಗ? ಎರಡು ದಿನ ಹಿಡೀತದ. ರೈಲಿನ್ಯಾಗ ಹೋದ್ರ ವಾರ.”

“ಅಂದ್ರ ದ್ವಾದಶಿ ಬೆಳಿಗ್ಗೆ ನೀವು ದಿಬ್ರುಗಡದಾಗ.”

“ದ್ವಾದಶಿ ಬೆಳಿಗ್ಗೆ ನಾ ದಿಬ್ರುಗಡದಾಗ. ಆಕಿ ನನ್ನ ಸವಣೂರಿನ್ಯಾಗ ನೋಡಿದ್ದು ಖರೆ ಆದ್ರ ನನಗ ರೆಕ್ಕಿ ಬಂದಿರಬೇಕು.”

ಚೌಡಪ್ಪನ ತಲೆ ಚಿಟ್ಟು ಹಿಡಿದಿತ್ತು. ರಾತ್ರಿ ಮಗಳ ಭೂಪಟ ಹರವಿಕೊಂಡು, ದಾರ ಹಿಡಿದು ಇದೇ ದೂರವನ್ನು ಅಳೆದು ಅಳೆದು ಇಟ್ಟಿದ್ದ. ದಾರ ಒಂದು ಬೆರಳಗಲವೂ ಕಡಿಮೆಯಾಗಿರಲಿಲ್ಲ.

“ಏಕಾದಶಿ ದಿನ ಪ್ರವಾಸ ಅಂದ್ರ ತ್ರಾಸ ಆಗಿರಬೇಕಲ್ರಿ,” ಅಂದ, ಸುಮ್ಮನೆ ಮಾತು ಬೆಳೆಸಲು.

ಪ್ರಾಣೇಶನ ಮುಖ ಅರಳಿತು. ವಿಮಾನದ ಮಾತಿಗಿಂತ ಈ ಮಾತು ಅವನಿಗೆ ಹೆಚ್ಚು ಸಲೀಸು.

“ತ್ರಾಸ ಏನು ಬಂತು? ಹುಟ್ಟಿದಾಗಿನಿಂದ ರೂಢಿ. ವಿಮಾನದಾಗ ತಾಟಿನ ತುಂಬ ತಿಂಡಿ ತಂದಿಟ್ರು. ನೀರು ಸೈತ ಮುಟ್ಟಲಿಲ್ಲ ನಾನು.”

“ಮರುದಿನದ ಪಾರಣಿ?”

ಉಪವಾಸವನ್ನು ದ್ವಾದಶಿಯ ಬೆಳಿಗ್ಗೆ, ಸೂರ್ಯ ಹುಟ್ಟಿದ ಮೇಲೆ ಊಟ ಮಾಡಿ ಮುಗಿಸುವುದಕ್ಕೆ ಪಾರಣೆ ಅನ್ನುತ್ತಾರೆಂದು ಚೌಡಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸವಣೂರಿನ ಮಠದ ಓಣಿಯಲ್ಲಿ ದ್ವಾದಶಿ ದಿನ ಬೆಳಗಿನ ಏಳಕ್ಕೇ ಊಟ ಮುಗಿದು ಎಂಜಲೆಲೆ ಹೊರಬೀಳುವುದನ್ನು ನಾಲ್ಕು ವರ್ಷ ನೋಡಿದ್ದ.

“ಅದನ್ನ ಬಿಡ್ತೇವೇನು?” ಪ್ರಾಣೇಶ ಕಾಲು ಮಡಚಿ ಕುಳಿತ. “ಐದಕ್ಕ ಎದ್ದೆ. ತಣ್ಣೀರಿನ ಸ್ನಾನ ಮಾಡಿ, ಲಾಡ್ಜಿನ ಖೋಲಿಯೊಳಗ ಸ್ಟೋ ಹಚ್ಚಿ ಅನ್ನ ತೊವ್ವಿ ಮಾಡಿದೆ. ಅಗಸಿ ಸೊಪ್ಪು ಸಿಗಲಿಲ್ಲ, ಅದೊಂದ ಕೊರತಿ. ದೇವರ ಮುಂದ ದೀಪ ಹಚ್ಚಿಕೊಂಡು ಕೂತೆ. ಹೊರಗ ಗವ್ವ್ ಅನ್ನೂ ಕತ್ತಲಿ. ಆರು ಹೊಡದ ಮ್ಯಾಲ ಚಹಾದ ತೋಟದ ಆಕಡೆ ಕೆಂಪಗ ಸೂರ್ಯ ಬಂದ. ಅರ್ಘ್ಯ ಕೊಟ್ಟು, ತೀರ್ಥ ತೊಗೊಂಡು, ಪಾರಣಿ ಮಾಡಿದೆ.”

ಚೌಡಪ್ಪನ ಕಾಲು ಕುಣಿಯುವುದು ನಿಂತಿತು.

“ಆರು ಹೊಡದ ಮ್ಯಾಲ?”

“ಹೌದು.”

“ಅಲ್ಲೀತನಕ ಕತ್ತಲಿತ್ತು?”

“ಸೂರ್ಯ ಬರೂತನಕ ಕತ್ತಲಿ ಇರಲಾರದ ಏನಿರ್ತದ? ಪಾರಣಿ ಆದ ಮ್ಯಾಲ ಸವಣೂರಿಗೆ, ರಾಘಣ್ಣನ ಮನಿಗೆ, ನಮ್ಮ ವೈನಿಗೆ ಟ್ರಂಕ್ ಕಾಲ್ ಮಾಡಿದೆ. ಆರೂವರಿ ಇರಬೇಕು. ಎಕ್ಸ್‌ಚೇಂಜಿನ್ಯಾಗ ಕೇಳ್ರಿ, ದಿಬ್ರುಗಡದಿಂದನ ಕಾಲ್ ಬಂದಿತ್ತು ಅಂತ ಅವರ ಹೇಳ್ತಾರ.”

ಚೌಡಪ್ಪ ಎದ್ದ. ಟೋಪಿ ಹಾಕಿಕೊಂಡ. ಕೈಮುಗಿದು ಕಟ್ಟೆ ಇಳಿದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಜೀಪು ಹತ್ತಿದ್ದರೆ ಈ ಕತೆ ಆ ದಿನವೇ ಬೇರೆ ಹಾದಿ ಹಿಡಿಯುತ್ತಿತ್ತು. ಆದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ತಡೆದುಕೊಳ್ಳುವ ಶಕ್ತಿ ದೇವರು ನಮ್ಮ ಚೌಡಪ್ಪನಿಗೆ ಕೊಟ್ಟಿರಲಿಲ್ಲ.

“ಪೊಲೀಸ್ ಕೆಲಸಕ್ಕ ಬರೂಕಿಂತ ಮೊದ್ಲ ನಾ ಮಿಲಿಟ್ರಿಯೊಳಗ ಇದ್ನಿ, ಗೊತ್ತೈತೇನ್ರಿ?” ಅಂದ, ಕೊನೆಯ ಮೆಟ್ಟಿಲ ಮೇಲೆ ನಿಂತು.

“ಸಂತೋಷ.”

“ಅಸ್ಸಾಮಿನ್ಯಾಗ. ತೇಜಪುರದಾಗ.”

ಭೂಪಟ ಮಡಚುತ್ತಿದ್ದ ಪ್ರಾಣೇಶನ ಕೈ ಹಾಗೇ ನಿಂತಿತು.

“ಜ್ಯೇಷ್ಠ ಮಾಸದಾಗ ಅಲ್ಲಿ ಸೂರ್ಯ ನಾಕೂವರಿಯೊಳಗ ನೆತ್ತಿಮ್ಯಾಲ ಬರಾಕ ಹೊಂಟಿರ್ತಾನ್ರಿ. ನೀವು ಸ್ನಾನಕ್ಕ ಎದ್ದೆ ಅಂತೀರಲ್ಲ, ಐದಕ್ಕ, ಅಷ್ಟೊತ್ತಿಗೆ ನಾವು ಪರೇಡ್ ಮುಗಿಸಿ ಬೆವರು ಒರಸ್ಕೊಂತಿದ್ವಿ. ದಿಬ್ರುಗಡ ಇನ್ನೂ ಮೂಡಲಕ್ಕೈತಿ. ಅಲ್ಲಿ ಇನ್ನೂ ಲಗೂ. ನಿಮಗ ಆರಕ್ಕ ಕತ್ತಲಿ ಎಲ್ಲಿ ಸಿಕ್ತು?”

ಪ್ರಾಣೇಶ ಭೂಪಟ ಮಡಚಿ ಪಕ್ಕಕ್ಕಿಟ್ಟ. “ನಾವು ಮಠದ ಪಂಚಾಂಗ ನೋಡಿ ಪಾರಣಿ ಮಾಡ್ತೇವಿ, ಬಯಲಿನ ಸೂರ್ಯನ್ನ ನೋಡಿ ಅಲ್ಲ. ಪಂಚಾಂಗದಾಗ ಆರು ಅಂತ ಇತ್ತು.”

“ಇರವಲ್ದ್ಯಾಕ. ಪಂಚಾಂಗದಾಗ ಕತ್ತಲೀನೂ ಬರದಿರ್ತಾರೇನ್ರಿ?”

ಮನೆಯೊಳಗೆ ಯಾರೋ ಪಾತ್ರೆ ತಿಕ್ಕುವ ಸದ್ದು ಕೇಳಿಸುತ್ತಿತ್ತು.

“ನನ್ನ ಕಾಲ್ ದಿಬ್ರುಗಡದಿಂದ ಬಂದಿತ್ತು,” ಅಂದ ಪ್ರಾಣೇಶ, ಒಂದೊಂದೇ ಮಾತು ಬಿಡಿಸಿ. “ಅದನ್ನ ಸುಳ್ಳು ಮಾಡ್ರಿ ನೋಡೋಣ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

•

“ಸೂರ್ಯನ್ನ ಸಾಕ್ಷಿ ಕಟಕಟಿಗೆ ತಂದು ನಿಲ್ಲಸ್ತೀಯೇನೋ?”

ಶಿಗ್ಗಾವಿಯ ಇನ್‌ಸ್ಪೆಕ್ಟರ್ ಸಾಹೇಬರು ಮೇಜಿನ ಮೇಲಿದ್ದ ವೈರ್‌ಲೆಸ್ ಸಂದೇಶವನ್ನು ಚೌಡಪ್ಪನ ಕಡೆಗೆ ತಳ್ಳಿದರು. ಅದು ದಿಬ್ರುಗಡದ ಪೊಲೀಸರ ಉತ್ತರ. ಹಾನಗಲ್ಲಿನ ಪ್ರಾಣೇಶ ಅನ್ನುವ ಗಿರಾಕಿ ಏಕಾದಶಿ ದಿನ ಲಾಡ್ಜಿಗೆ ಬಂದದ್ದು ನಿಜ. ಆ ದಿನ ಪೂರ್ತಿ ನೀರೂ ಮುಟ್ಟದೆ ಕೂತಿದ್ದಕ್ಕೆ ಮಾಣಿಗಳು ಹೆದರಿದ್ದರಂತೆ, ಎಲ್ಲಿ ಖೋಲಿಯಲ್ಲೇ ಸತ್ತುಗಿತ್ತಾನು ಅಂತ.

“ವಿಮಾನ ಹತ್ತ್ಯಾನ, ಇಳದಾನ, ಉಪಾಸ ಮಾಡ್ಯಾನ, ಫೋನ್ ಮಾಡ್ಯಾನ. ಇನ್ನೇನು ಬೇಕು ನಿನಗ? ಹೋಗಿ ಚಾರ್ಜ್ ಕೊಟ್ಟು ಗಂಟು ಕಟ್ಟು.”

“ಸರ್, ವಿಮಾನ ಹತ್ತೂವಾಗ ನೀ ಪ್ರಾಣೇಶನ ಹೌದೇನು ಅಂತ ಯಾರೂ ಕೇಳಂಗಿಲ್ರಿ. ಟಿಕೀಟು ಇದ್ರ ಸಾಕು. ಯಾರು ಬೇಕಾದ್ರೂ—”

“ಸಾಕು ಮಾಡು, ಚೌಡಪ್ಪ.”

ಚೌಡಪ್ಪ ಸಾಕು ಮಾಡಿ ಹೊರಗೆ ಬಂದ. ಜೀಪಿನಲ್ಲಿ ಪೇದೆ ಲಕ್ಷ್ಮಪ್ಪ ಸ್ಟಿಯರಿಂಗಿಗೆ ತಲೆಯಿಟ್ಟು ತೂಕಡಿಸುತ್ತಿದ್ದ.

ಸವಣೂರಿನ ಹಾದಿಯುದ್ದಕ್ಕೂ ಚೌಡಪ್ಪ ಸೀಟಿನಲ್ಲಿ ಹೊರಳಾಡಿದ. ಪ್ರಾಣೇಶ ದಿಬ್ರುಗಡದಲ್ಲಿ ಇರಲಿಲ್ಲ. ಇಲ್ಲೇ ಹಾನಗಲ್ಲಿನಲ್ಲಿ ಮಾಡಿದ ಪಾರಣೆಯನ್ನು ಕತ್ತಲೆ, ದೀಪ, ಆರು ಗಂಟೆಯ ಸೂರ್ಯನ ಸಮೇತ ಎತ್ತಿಕೊಂಡು ಹೋಗಿ ಅಸ್ಸಾಮಿನಲ್ಲಿ ಇಟ್ಟಿದ್ದ. ಅಲ್ಲಿ ಸೂರ್ಯ ಬೇರೆ ಹೊತ್ತಿಗೆ ಹುಟ್ಟುತ್ತಾನೆಂದು ಅವನಿಗೆ ಹೊಳೆದೇ ಇರಲಿಲ್ಲ. ವ್ಯಾಪಾರಕ್ಕೆ ಹೋದಾಗೆಲ್ಲ ಬಿಸಿಲೇರಿದ ಮೇಲೆ ಏಳುವ ಮನುಷ್ಯ ಇರಬೇಕು.

ಸರಿ. ಹಾಗಾದರೆ ಹಾರಿದವನು ಯಾರು?

“ದುಡ್ಡು ಕೊಟ್ಟು ಯಾರನ್ನರ ಕಳಿಸಿರಬೇಕ್ರಿ,” ಅಂದ ಲಕ್ಷ್ಮಪ್ಪ.

“ಬಾಡಿಗಿಗೆ ಹೋದಾಂವ ಉಪಾಸ ಮಾಡ್ತಾನೇನಲೇ? ಯಾರೂ ನೋಡಂಗಿಲ್ಲ, ಗುರುತಿನವರು ಒಬ್ಬರಿಲ್ಲ. ನೀ ಆಗಿದ್ರ ಏನು ಮಾಡ್ತಿದ್ದಿ?”

“ವಿಮಾನದಾಗ ಕೊಟ್ಟ ತಿಂಡೀನ ಎರಡು ಸರ್ತಿ ತಿಂತಿದ್ನಿರಿ.”

“ಹೂಂ. ಇಂವ ನೀರೂ ಕುಡೀಲಿಲ್ಲ.”

ಲಕ್ಷ್ಮಪ್ಪ ಬಹಳ ಹೊತ್ತು ಯೋಚಿಸಿದ. ಆಮೇಲೆ ಎದುರಿಗೆ ಬಂದ ಎಮ್ಮೆಗೆ ಹಾರ್ನ್ ಹೊಡೆದ.

ಚೌಡಪ್ಪನನ್ನು ಇನ್ನೊಂದು ಸಂಗತಿಯೂ ಕೊರೆಯುತ್ತಿತ್ತು. ಹೊಳೆಯ ದಂಡೆಯಲ್ಲಿ ಮಲಗಿಸಿದ್ದ ಹೆಣದ ಮುಖವನ್ನು ಮೀನು ತಿಂದಿದ್ದವು. ಉಟ್ಟದ್ದು ರಾಘಣ್ಣನ ಜರಿಯಂಚಿನ ಧೋತರ, ಬೆರಳಲ್ಲಿ ಅವನ ಉಂಗುರ, ಮೈಮೇಲೆ ಜನಿವಾರ. ಆದರೆ ಬಲಗೈ ಹೆಬ್ಬೆರಳ ಸುತ್ತ, ಉಗುರಿನ ಬುಡದಲ್ಲಿ, ಆಳವಾಗಿ ಕೂತ ಹಳೆಯ ಗೀರೊಂದಿತ್ತು. ದಾರ ಬಿಗಿದು ವರ್ಷಗಟ್ಟಲೆ ಬಿಟ್ಟಂತೆ. ಅದೇನೆಂದು ಕೇಳಿದರೆ ಡಾಕ್ಟರು ಎಂಥದೋ ಹಳೆ ಗಾಯ ಅಂದಿದ್ದರು. ಲೆಕ್ಕ ನೋಡುವುದು ಬಿಟ್ಟು ಬೇರೆ ಕೆಲಸ ಮಾಡದ ಧಣಿಗೆ ಅಂಥ ಗಾಯ ಎಲ್ಲಿಂದ ಬಂತು?

ಠಾಣೆಯ ಮುಂದೆ ಬೇವಿನ ಮರದ ಕೆಳಗೆ ಮಂಜವ್ವ ಕೂತಿದ್ದಳು. ಎರಡು ವಾರದಿಂದ ಅವಳು ಕೂರುವುದು ಅಲ್ಲೇ. ಅವಳ ಗಂಡ ಮಾಳಪ್ಪ, ತಮ್ಮ ಉಳಿವೆಪ್ಪ ಇಬ್ಬರೂ ಸೇರಿ ರಾಘಣ್ಣನ ಎಲೆತೋಟ ಮಾಡುತ್ತಿದ್ದರು. ಉಳುವವರಿಗೇ ಭೂಮಿ ಅಂತ ಟ್ರಿಬ್ಯೂನಲ್ಲು ಈ ಬೇಸಿಗೆಯಲ್ಲಿ ತೋಟವನ್ನು ಅವರಿಬ್ಬರ ಹೆಸರಿಗೆ ಮಾಡಿತ್ತು. ನವಮಿ ದಿನ ಸಂಜೆ ರಾಘಣ್ಣನಿಗೂ ಮಾಳಪ್ಪನಿಗೂ ತೋಟದಲ್ಲಿ ಕೈಕೈ ಹತ್ತಿದ್ದನ್ನು ಊರೆಲ್ಲ ಕಂಡಿತ್ತು. ಆಮೇಲೆ ರಾಘಣ್ಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಜೀಪು ಕಂಡು ಮಂಜವ್ವ ಎದ್ದು ನಿಂತಳು. ಚೌಡಪ್ಪ ಕೈಸನ್ನೆಯಲ್ಲೇ ಕೂರಲು ಹೇಳಿ, ಎಕ್ಸ್‌ಚೇಂಜಿನ ಮುಂದೆ ಜೀಪು ನಿಲ್ಲಿಸಿದ. ಕರೆ ಬಂದದ್ದು ನಿಜ ಅಂದಳು ಅಲ್ಲಿಯ ಹುಡುಗಿ; ದಿಬ್ರುಗಡ ಅನ್ನುವ ಊರಿನ ಹೆಸರು ಕೇಳಿದ್ದೇ ಅವಳು ಮೊದಲ ಸಲ. ಎಷ್ಟು ಹೊತ್ತಿಗೆ ಅಂತ ಹೇಳಬಲ್ಲ ರಾತ್ರಿಪಾಳಿಯವನು ರಜೆಯ ಮೇಲೆ ಊರಿಗೆ ಹೋಗಿದ್ದ.

ರಾತ್ರಿಪಾಳಿ ಅನ್ನುವ ಮಾತು ಚೌಡಪ್ಪನ ಕಿವಿಯಲ್ಲಿ ನಿಂತಿತು. ಆರೂವರೆಗೆ ಎಲ್ಲಿಯ ರಾತ್ರಿಪಾಳಿ?

•

ರಾಘಣ್ಣನ ಹೆಂಡತಿ ಗೋಪಿಕಾಬಾಯಿ ಪಡಸಾಲೆಯ ಒಳಬಾಗಿಲಿಗೆ ಒರಗಿ ಕೂತಿದ್ದಳು. ಹಣೆ ಬರಿದಾಗಿತ್ತು. ಕೊರಳೂ ಬರಿದಾಗಿತ್ತು. ಹದಿಮೂರನೆಯ ದಿನದ ಊಟ ಮುಗಿಸಿ ಬೀಗರು ಹೋಗಿ ಮನೆ ಭಣಗುಟ್ಟುತ್ತಿತ್ತು. ಇಲ್ಲಿ ಮಾತ್ರ ಚೌಡಪ್ಪನಿಗೆ ಒಳಗೇ ಚಾಪೆ ಹಾಸಿದ್ದರು, ಅದೇನು ಪುಣ್ಯವೋ.

“ಬಾಯಾರ, ತಪ್ಪು ತಿಳಕೋಬ್ಯಾಡ್ರಿ. ನಾಳೆ ನಾ ಈ ಊರಾಗ ಇರಂಗಿಲ್ಲ. ಒಂದಽ ಮಾತು ಕೇಳಾಕ ಬಂದೇನಿ. ದ್ವಾದಶಿ ದಿನ ಪ್ರಾಣೇಶರು ಫೋನ್ ಮಾಡಿದ್ರಂತಲ್ರಿ?”

“ಮಾಡಿದ್ದ.” ಆಕೆಯ ದನಿ ಸಣ್ಣದು.

“ಏನಂದ್ರು?”

“ಪಾರಣಿ ಆತು ಅಂದ. ಕಾಳಜಿ ಮಾಡಬ್ಯಾಡ ಅಂದ. ಅಷ್ಟ.”

“ನಿಮ್ಮದು ಆಗಿತ್ತೇನ್ರಿ, ಪಾರಣಿ?”

“ಇಲ್ಲ. ನಾ ಮತ್ತ ಸ್ನಾನಾ ಮಾಡಬೇಕಾತಲ್ಲ.”

“ಯಾಕ್ರಿ?”

“ಮಡಿಯೊಳಗ ಇದ್ದೆ. ಫೋನ್ ಮುಟ್ಟಿದ ಮ್ಯಾಲ ಮಡಿ ಎಲ್ಲಿ ಉಳೀತದ? ಮತ್ತ ಬಾವಿಗೆ ಹೋಗಿ ನೀರು ಹಾಕ್ಕೊಂಡು ಬಂದೆ.”

ಚೌಡಪ್ಪ ಅಯ್ಯೋ ಅನ್ನುವಂತೆ ತಲೆಯಾಡಿಸಿದ. “ಅಂದ್ರ ಆವತ್ತ ನಿಮ್ಮ ಮನ್ಯಾಗ ಪಾರಣಿಗೆ ಭಾಳ ತಡಾ ಆಗಿರಬೇಕು.”

ಗೋಪಿಕಾಬಾಯಿ ತಲೆಯೆತ್ತಿದಳು. ಈ ಎರಡು ವಾರದಲ್ಲಿ ಮೊದಲ ಸಲ ಆಕೆಯ ಕಣ್ಣಲ್ಲಿ ಸಿಟ್ಟು ಕಂಡಿತು.

“ಛೇ ಛೇ, ಏನಂತ ಮಾತಾಡ್ತೀರಿ? ಆವತ್ತ ದ್ವಾದಶಿ ಇದ್ದದ್ದ ಒಂದು ಗಳಿಗಿ. ಸೂರ್ಯ ಹುಟ್ಟಿದ ಕೂಡ್ಲೆ ಮುಗೀಬೇಕು, ಇಲ್ಲಾಂದ್ರ ಉಪವಾಸದ ಪುಣ್ಯನ ಹೋತು. ಈ ಮನಿಗೆ ನಡದು ಬಂದಾಗಿನಿಂದ ಒಂದ ದ್ವಾದಶಿನೂ ತಪ್ಪಿಸಿಲ್ಲ ನಾನು. ಆವತ್ತೂ ಎರಡನೇ ಸ್ನಾನಾ ಮಾಡಿ, ಅಡಗಿ ಮುಗಿಸಿ, ನೈವೇದ್ಯ ಮಾಡಿದಾಗನ ಸೂರ್ಯ ಕಂಡ.”

ಹೇಳಿ ಮುಗಿಸಿದ ಮೇಲೆ ಆಕೆಗೆ ತಾನು ಏನು ಹೇಳಿದೆ ಅನ್ನುವುದು ತಿಳಿಯಿತು. ಕೈ ತಾನಾಗಿ ಸೆರಗಿನ ತುದಿಯ ಗಂಟಿಗೆ ಹೋಯಿತು.

ಚೌಡಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾವ ನಿಷ್ಠೆಯ ಮೇಲೆ ಆಕೆ ಬದುಕಿದ್ದಳೋ ಅದನ್ನೇ ಹಿಡಿದು ಎಳೆದಂತಾಗಿ ಅವನಿಗೆ ನಾಚಿಕೆಯಾಯಿತು.

“ಅಂದ್ರ ಫೋನ್ ಬಂದಾಗ ಇಲ್ಲಿ ಇನ್ನೂ ಕತ್ತಲಿ,” ಅಂದ ಮೆಲ್ಲಗೆ. “ಆದ್ರ ಆ ಕಡೆ ಇದ್ದವರಿಗೆ ಬೆಳಕಾಗಿತ್ತು, ಪಾರಣಿನೂ ಆಗಿತ್ತು. ಅವರು ಖರೇನ ಅಸ್ಸಾಮಿನ್ಯಾಗ ಇದ್ರು, ಬಾಯಾರ. ಅಲ್ಲಿ ಸೂರ್ಯ ಅಷ್ಟು ಲಗೂನ ಬರ್ತಾನ. ಪ್ರಾಣೇಶರಿಗೆ ಅದು ಗೊತ್ತಿಲ್ಲ. ಯಾಕಂದ್ರ ಅವರು ಅಲ್ಲಿ ಇರಲಿಲ್ಲ.”

ಆಕೆ ಸೆರಗಿನ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಮೈದುನನ ಫೋನು ಅಂತ ದ್ವಾದಶಿ ದಿನ, ಇಷ್ಟು ಗಡಿಬಿಡಿಯೊಳಗ, ಯಾರರ ಮಡಿ ಕೆಡಿಸ್ಕೊಂತಾರೇನ್ರಿ? ನೀವು ಆ ಫೋನಿನ ಹಾದಿ ಕಾಯಾಕತ್ತಿದ್ರಿ. ಯಾರೂ ನೋಡದ ಊರಾಗ ನೀರು ಬಿಟ್ಟು ಉಪಾಸ ಮಾಡಿದಾಂವ, ಪಾರಣಿ ಆದ ಕೂಡ್ಲೆ ಎಲ್ಲಾರಕಿಂತ ಮೊದ್ಲ ನಿಮಗ ಹೇಳಿದಾಂವ, ಯಾರ್ರಿ ಅವರು?”

ಗೋಪಿಕಾಬಾಯಿ ಸೆರಗಿನ ಗಂಟು ಬಿಚ್ಚಿದಳು. ಗಂಟಿನೊಳಗಿಂದ ಕರಿಮಣಿಯ ಮಂಗಳಸೂತ್ರ ಚಾಪೆಯ ಮೇಲೆ ಬಿತ್ತು.

“ಕೊರಳಿಂದ ತಗೀರಿ ಅಂದ್ರು, ತಗದೆ,” ಅಂದಳು. “ತಗದು ಎಲ್ಲಿ ಇಡಬೇಕು ಅನ್ನೂದು ತಿಳೀಲಿಲ್ಲ. ಇದ್ದ ಗಂಡ ಸತ್ತ ಅಂತ ಹತ್ತು ಮಂದಿ ಮುಂದ ಕುಂಕುಮಾ ಅಳಿಸಿಕೊಳ್ಳೂದು ಹ್ಯಾಂಗಿರ್ತದ ಗೊತ್ತದ ಏನು ನಿಮಗ?” ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಚೌಡಪ್ಪ ನೆಲ ನೋಡುತ್ತ ಕೂತ.

“ನವಮಿ ರಾತ್ರಿ ಬಂದ್ರು, ಮೈಯೆಲ್ಲ ಕೆಸರು. ಏನೋ ಆಗಿಹೋತು ಅಂದ್ರು. ಪ್ರಾಣೇಶ ಎಲ್ಲಾ ಸಂಭಾಳಸ್ತಾನ, ದ್ವಾದಶಿ ಪಾರಣಿ ಆದ ಮ್ಯಾಲ ಫೋನ್ ಮಾಡ್ತೇನಿ ಅಂದ್ರು. ಅಷ್ಟ ಹೇಳಿ ಹೋದ್ರು.”

“ಮತ್ತ ಹೊಳಿ ದಂಡಿಮ್ಯಾಲ ನೀವಽ ಗುರುತು ಹಿಡಿದ್ರಲ್ರಿ!”

“ಧೋತರ ಅವರದ ಅಂತ ಹೇಳಿದೆ. ಉಂಗುರ ಅವರದ ಅಂತ ಹೇಳಿದೆ. ಮನಷಾ ಅವರ ಅಂತ ನಾ ಹೇಳಲಿಲ್ಲ. ನೀವು ಕೇಳಲಿಲ್ಲ, ಬರಕೊಂಡ್ರಿ.”

ಚೌಡಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು. ಹೌದು, ಅವನು ಕೇಳಿರಲಿಲ್ಲ. ಮುಖವಿಲ್ಲದ ಹೆಣದ ಮುಂದೆ ನಿಂತ ಹೆಂಗಸನ್ನು ಎರಡನೆಯ ಮಾತು ಕೇಳಲು ಬಾಯಿ ಬಂದಿರಲಿಲ್ಲ. ಜನಿವಾರವೊಂದನ್ನು ನೋಡಿ ಸುಮ್ಮನಾಗಿದ್ದ. ಯಾರೋ ಕೈಯಾರೆ ಹಾಕಿದ ಜನಿವಾರ ಇರಬಹುದು ಅಂತ ತಲೆಗೆ ಹೋಗಿರಲಿಲ್ಲ.

“ಹಂಗಾದ್ರ ಹೊಳಿಯೊಳಗ ಇದ್ದಾಂವ ಯಾರು?”

“ಎಲ್ಲಿಯದೋ ಅನಾಥ ಹೆಣ ಅಂದ ಪ್ರಾಣೇಶ.” ಗೋಪಿಕಾಬಾಯಿ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. “ನನಗ ನಂಬಿಕಿ ಬರವಲ್ತು. ಯಾರ್ರಿ ಅವ? ಹದಿಮೂರು ದಿನ ನಾವು ಯಾರ ಹೆಸರಿಲೆ ನೀರು ಬಿಡಬೇಕಿತ್ತು?”

ಹೊರಗೆ ಬೂಟಿನ ಸಪ್ಪಳವಾಯಿತು. ಲಕ್ಷ್ಮಪ್ಪ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ.

“ಸಾಹೇಬ್ರ, ಹಾನಗಲ್ಲ ಠಾಣೇದಿಂದ ಫೋನ್ ಬಂದೈತ್ರಿ. ನೀವು ಹೊಂಟ ಮ್ಯಾಲ ಪ್ರಾಣೇಶರು ಮನಿಗೆ ಕೀಲಿ ಹಾಕಿ ಟ್ಯಾಕ್ಸಿ ಮಾಡ್ಕೊಂಡು ಬೆಳಗಾವಿ ಕಡೆ ಹೋದ್ರಂತ್ರಿ. ಸಂಜಿಗೆ ಸಾಂಬ್ರಾದಿಂದ ಮುಂಬಯಿ ವಿಮಾನ ಐತಂತ.”

ತನ್ನ ನಾಲಿಗೆಯನ್ನು ಶಪಿಸಿಕೊಳ್ಳುತ್ತ ಚೌಡಪ್ಪ ಜೀಪಿಗೆ ಓಡಿದ. ತೇಜಪುರದ ಮಾತೊಂದನ್ನು ಎತ್ತದಿದ್ದರೆ ಪ್ರಾಣೇಶ ಇನ್ನೂ ಭೂಪಟ ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಇನ್‌ಸ್ಪೆಕ್ಟರ್ ಸಾಹೇಬರೇ ನಂಬದ ಮಾತನ್ನು ಬೆಳಗಾವಿಯ ಪೊಲೀಸರು ಫೋನಿನಲ್ಲಿ ನಂಬುತ್ತಿದ್ದರೇ? ಈಗ ಜೀಪು ಬೆಳಗಾವಿ ಮುಟ್ಟಬೇಕಾದರೆ ಮಧ್ಯಾಹ್ನವೆಲ್ಲ ಬೇಕು. ವಿಮಾನ ಒಮ್ಮೆ ನೆಲ ಬಿಟ್ಟರೆ ಒಂದು ತಾಸಿನಲ್ಲಿ ಅವನು ಮುಂಬಯಿಯ ಜನರಲ್ಲಿ ಒಬ್ಬ.

•

ಬಂದೂಕು ತೆಗೆದುಕೊಳ್ಳಲು ಠಾಣೆಯ ಮುಂದೆ ಒಂದು ಗಳಿಗೆ ನಿಲ್ಲಬೇಕಾಯಿತು. ಮಂಜವ್ವ ಬೇವಿನ ಮರದಿಂದ ಓಡಿಬಂದಳು.

“ಏನಾತ್ರಿ, ಸಾಹೇಬ್ರ? ನಾಳೆ ಕಳಸ್ತಾರೇನ್ರಿ ಅವನ್ನ?”

ಈ ಹೆಂಗಸಿಗೆ ಎರಡು ವಾರದಿಂದ ಒಂದಾದರೂ ಒಳ್ಳೆಯ ಮಾತು ಹೇಳಿರಲಿಲ್ಲ. ಈಗ ಹೇಳದೆ ಹೋಗಲು ಚೌಡಪ್ಪನಿಗೆ ಮನಸ್ಸಾಗಲಿಲ್ಲ.

“ನೀ ಹೇಳಿದ್ದು ಖರೇನ ಐತಿ, ಯವ್ವಾ. ಆವತ್ತ ಪ್ರಾಣೇಶ ಇಲ್ಲೇ ಇದ್ದ. ನಿನ್ನ ಗಂಡ ರಾಘಣ್ಣನ್ನ ಕೊಂದಿಲ್ಲ. ರಾಘಣ್ಣ ಸತ್ತಽ ಇಲ್ಲ.”

ಮಂಜವ್ವ ಬಾಯಿ ತೆರೆದು ನಿಂತಳು. ಆಮೇಲೆ ನೆಲಕ್ಕೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. “ನಾ ಹೇಳಿದ್ನಿ, ಯಾರೂ ಕೇಳವಲ್ರಾಗಿದ್ರು,” ಅಂತ ಮತ್ತೆ ಮತ್ತೆ ಅಂದಳು. “ಅಷ್ಟು ದೂರದಾಗ ಇದ್ದಾಂವನ್ನ ಇಲ್ಲಿ ಹೆಂಗ ನೋಡ್ತಿ ಅಂತ ನಗತಿದ್ರು.”

ಲಕ್ಷ್ಮಪ್ಪ ಹಾರ್ನ್ ಹೊಡೆದ.

“ಬರ್ತೇನಿ, ಯವ್ವಾ. ಸಂಜಿಯೊಳಗ ಬೆಳಗಾವಿ ಮುಟ್ಟಬೇಕು.”

“ತಡೀರಿ, ಸಾಹೇಬ್ರ. ಒಂದ ಮಾತು.” ಅವಳು ಎದ್ದು ಕಣ್ಣೊರೆಸಿಕೊಂಡಳು. “ನನ್ನ ತಮ್ಮ ಉಳಿವೆಪ್ಪಗ ಇದೇನೂ ಗೊತ್ತಿಲ್ರಿ. ನವಮಿ ರಾತ್ರಿ ಎಲಿ ಲಾರಿ ಸಂಗಾಟ ಬೊಂಬಾಯಿಗೆ ಕಳಿಸೇವಿ ಅಂತ ಧಣ್ಯಾರ ಮನಿಯಿಂದ ಪ್ರಾಣೇಶಪ್ಪಾರು ಹೇಳಿ ಕಳಿಸಿದ್ರು. ಹೋದಾಂವ ಹೋದ. ಹೇಳ್ದ ಕೇಳ್ದ ಹೋಗೂ ಹುಡುಗ ಅಲ್ರಿ ಅಂವ. ಇದನ್ನೂ ಮರತು ಹೋಗ್ಯಾನ, ನೋಡ್ರಿ. ತೋಟದ ಬಾವಿ ಕಟ್ಟಿಮ್ಯಾಲ ಬಿದ್ದಿತ್ತು.”

ಅವಳು ನಡುವಿನ ಚೀಲದಿಂದ ಏನನ್ನೋ ತೆಗೆದು ಅವನ ಅಂಗೈಯಲ್ಲಿ ಇಟ್ಟಳು.

ಅದು ತಗಡಿನ ಉಗುರು. ವೀಳ್ಯದೆಲೆ ಚಿವುಟುವವರು ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವಂಥದು. ತುದಿ ಚೂಪಾಗಿತ್ತು. ಬುಡದಲ್ಲಿ ಬೆರಳು ಸುತ್ತುವ ಬಿಗಿಯಾದ ಪಟ್ಟಿಯಿತ್ತು. ಹಾಕಿ ಹಾಕಿ ಅದರ ಅಂಚು ಸವೆದು ನುಣುಪಾಗಿತ್ತು.

“ಹನ್ನೆರಡು ವರ್ಷದ ಹುಡುಗ ಇದ್ದಾಗಿಂದ ಹಾಕ್ಕೊಂಡಾನ್ರಿ. ಜಳಕಾ ಮಾಡೂವಾಗ ಸೈತ ತಗೀತಿರಲಿಲ್ಲ. ಅದು ಬೆರಳಾಗ ಗೀರು ಬಿಟ್ಟು ಕುಂತೈತಿ, ನಾನಽ ಬೈತಿದ್ನಿ.”

ಲಕ್ಷ್ಮಪ್ಪ ಇನ್ನೊಮ್ಮೆ ಹಾರ್ನ್ ಹೊಡೆದ. ಚೌಡಪ್ಪ ಅಲ್ಲಾಡಲಿಲ್ಲ. ಹೊಳೆಯ ದಂಡೆ, ಬಿಳಿಚಿಕೊಂಡ ಬಲಗೈ, ಹೆಬ್ಬೆರಳ ಸುತ್ತ ಆಳವಾಗಿ ಕೂತ ಗೀರು ಅವನ ಕಣ್ಣ ಮುಂದೆ ಬಂದು ನಿಂತವು. ಆ ಕೈಯನ್ನು ಚಿತೆಯ ಮೇಲೆ ಇಡುವಾಗ ತಾನೇ ಟೋಪಿ ತೆಗೆದು ನಿಂತಿದ್ದ. ಈ ಹೆಂಗಸು ಆಗಲೂ ಇದೇ ಬೇವಿನ ಮರದ ಕೆಳಗೆ ಕೂತಿದ್ದಳು.

“ಬೊಂಬಾಯಿಗೆ ಒಂದು ತಾರ ಬಿಡ್ರಿ, ಸಾಹೇಬ್ರ,” ಅಂದಳು ಮಂಜವ್ವ. ಅವಳ ಮುಖದಲ್ಲಿ ಎರಡು ವಾರದ ಮೇಲೆ ನಗು ಬಂದಿತ್ತು. “ಮಾವ ಬಿಡುಗಡಿ ಆಗಾಕತ್ತ್ಯಾನ, ತೋಟದಾಗ ಎಲಿ ಬಲಿಯಾಕತ್ತೈತಿ, ನೀ ಲಗೂನ ಬಾ ಅಂತ ಬರೀರಿ. ಬರೀತೀರಲ್ರಿ?”